ಹಿತ್ತಲಿಗೆ ಹೇಳದೆ ಕೇಳದೆ ಬಂದವರು

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನಾನೊಂದು ಪಟ್ಟಿ ಮಾಡುತ್ತೇನೆ. ಈರನಗೆರೆ ಬದನೆ ಕಾಂಪೌಂಡ್ ಪಕ್ಕ, ಟೊಮೆಟೊ ಬಿಸಿಲಿರುವ ಕಡೆ, ಹೀರೆ ಹಳೇ ಕಬ್ಬಿಣದ ಗೇಟಿನ ಮೇಲೆ, ಕೆಸು ನಲ್ಲಿ ಹತ್ತಿರ. ಬೀಜದಂಗಡಿಗೆ ಹೋಗಿ ಪೊಟ್ಟಣ ತರುತ್ತೇನೆ, ಮಣ್ಣು ಕೆದಕುತ್ತೇನೆ, ಗೊಬ್ಬರ ಹಾಕುತ್ತೇನೆ. ಆಮೇಲೆ ವರ್ಷದ ಕೊನೆಗೆ ನೋಡಿದರೆ ಹಿತ್ತಲಿನಿಂದ ಅಡುಗೆಮನೆಗೆ ಬಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

ನಮ್ಮದು ಮೈಸೂರಿನ ಅಂಚಿನ ಒಂದು ಬಡಾವಣೆ. 40×60ರ ಸೈಟು. ಮನೆಯನ್ನು ಮುಂದಕ್ಕೆ ಕಟ್ಟಿ ಹಿಂದೆ ಒಂದಿಷ್ಟು ಮಣ್ಣು ಹಾಗೇ ಬಿಟ್ಟಿದ್ದೇವೆ. ಬಂದವರೆಲ್ಲ ಸಿಮೆಂಟ್ ಹಾಕಿಸಿ, ಕಲ್ಲು ಹಾಸಿಸಿ, ಗಲೀಜಾಗಲ್ಲ ಅಂತ ಬುದ್ಧಿ ಹೇಳಿ ಹೋದರು. ಅತ್ತೆ ಒಪ್ಪಲಿಲ್ಲ. ಬಟ್ಟೆ ಒಣಗಿಸೋಕೆ, ತೆಂಗಿನಕಾಯಿ ಸುಲಿಯೋಕೆ, ಸೊಪ್ಪಿನ ಕಡ್ಡಿ ಎಸೆಯೋಕೆ ಒಂದು ಹಿತ್ತಲು ಬೇಡವಾ ಅನ್ನುವುದು ಅವರ ವಾದ. ಆ ಕೊನೆಯದ್ದೇ ನಮ್ಮ ಹಿತ್ತಲಿನ ನಿಜವಾದ ಬೀಜದಂಗಡಿ ಅಂತ ಅವರಿಗೂ ಆಗ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಮೈಸೂರಿನ ಮಳೆ ಮಲೆನಾಡಿನ ಮಳೆಯಲ್ಲ. ಅಲ್ಲಿ ಜೂನ್, ಜುಲೈ ಬಿಡದೆ ಹೊಡೆಯುತ್ತದೆ. ನಮಗೆ ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಸಮೇತ ಒಂದು ಸುತ್ತು, ಆಮೇಲೆ ಜೂನ್, ಜುಲೈನಲ್ಲಿ ಬರೀ ಮೋಡ, ಗಾಳಿ, ತುಂತುರು. ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದೊಡ್ಡ ಸುತ್ತು. ದಸರಾ ಮೆರವಣಿಗೆ ದಿನ ಮಳೆ ಬರುತ್ತಾ ಇಲ್ಲವಾ ಅಂತ ಊರೆಲ್ಲ ಆಕಾಶ ನೋಡುವುದು ಇದಕ್ಕೇ. ಹಾಗಾಗಿ ನಮ್ಮ ಹಿತ್ತಲಿಗೆ ವರ್ಷಕ್ಕೆ ಎರಡು ಸಲ ಯುಗಾದಿ.

ಮೊದಲ ಸುತ್ತಿನಲ್ಲಿ, ಅಂದರೆ ಭರಣಿ, ಕೃತ್ತಿಕೆ ಮಳೆಯಲ್ಲಿ, ಎಲ್ಲರಿಗಿಂತ ಮುಂಚೆ ಏಳುವುದು ಫುಟ್‌ಬಾಲ್ ಲಿಲ್ಲಿ. ವರ್ಷವಿಡೀ ಅದು ಅಲ್ಲಿದೆ ಅನ್ನುವುದೇ ಮರೆತುಹೋಗಿರುತ್ತದೆ. ಒಂದು ಮಳೆ ಬಿದ್ದರೆ ಸಾಕು, ಒಣಗಿದ ನೆಲದಿಂದ ಒಂದು ದಂಟು, ಅದರ ತುದಿಗೆ ಕೆಂಪು ಚೆಂಡು. ಚೆನ್ನಾಗಿದೆ, ಫೋಟೋ ತೆಗೆಯುತ್ತೇವೆ, ಒಂದು ವಾರ ಆಗುವಷ್ಟರಲ್ಲಿ ಬಾಡುತ್ತದೆ. ಅದರ ಬಗ್ಗೆ ಹೇಳೋಕೆ ಇನ್ನೇನಿಲ್ಲ.

ಹೇಳಬೇಕಾದ್ದು ಅದೇ ಸಮಯಕ್ಕೆ ಬಂದ ಇನ್ನೊಂದು ಹೂವಿನ ಕಥೆ. ಒಂದು ಮೇ ತಿಂಗಳ ಸಂಜೆ ಹಿಂಬಾಗಿಲು ತೆಗೆದರೆ ಹೊಟ್ಟೆ ತೊಳೆಸುವಂಥ ನಾತ. "ಇಲಿ ಎಲ್ಲೋ ಸತ್ತಿದೆ ಕಣೆ, ಸಂಪ್ ಹತ್ತಿರ ನೋಡು" ಅಂದರು ಅತ್ತೆ. ನಮ್ಮನೆಯವರು ಟಾರ್ಚ್ ಹಿಡಿದು ಸಂಪ್ ನೋಡಿದರು, ಸೌದೆ ರಾಶಿ ಎತ್ತಿ ನೋಡಿದರು, ಚರಂಡಿ ಮುಚ್ಚಳ ತೆಗೆದರು. ಪಕ್ಕದ ಮನೆಯ ಹುಡುಗಿ ಕಾಂಪೌಂಡ್ ಮೇಲಿಂದ ತಲೆ ಹಾಕಿ, "ಆಂಟಿ, ನಿಮ್ಮ ಕಡೆಯಿಂದಾನೇ ಅಲ್ವಾ ವಾಸನೆ?" ಅಂತ ಬಹಳ ಮರ್ಯಾದೆಯಿಂದ ಕೇಳಿದಳು. ಇಲಿ ಸಿಗಲಿಲ್ಲ. ಮಾರನೇ ದಿನ ಬೆಳಗ್ಗೆ ಮೂಲೆಯಲ್ಲಿ ಬಾಳೆ ಗಿಡದ ಹಿಂದೆ ಸಿಕ್ಕಿದ್ದು ಸುವರ್ಣಗೆಡ್ಡೆಯ ಹೂವು.

ನೀವು ನೋಡಿಲ್ಲದಿದ್ದರೆ ನಂಬುವುದು ಕಷ್ಟ. ಎಲೆ ಇಲ್ಲ, ಕಾಂಡ ಇಲ್ಲ. ನೆಲಕ್ಕೆ ಅಂಟಿಕೊಂಡೇ, ಕಂದು ನೇರಳೆ ಬಣ್ಣದ, ಸುತ್ತ ಸೀರೆ ನಿರಿಗೆಯಂತೆ ಮಡಿಕೆಯಾದ ಒಂದು ದೊಡ್ಡ ಹೊದಿಕೆ. ನಡುವೆ ಸುಕ್ಕುಸುಕ್ಕಾದ, ಮುದ್ದೆಯಂಥ ತಲೆ. ಅದರ ಸುತ್ತ ನೊಣಗಳ ಜಾತ್ರೆ. ಆ ನಡುವಿನ ದಿಂಡು ಅರಳುವಾಗ ನಿಜವಾಗಲೂ ಬಿಸಿಯಾಗುತ್ತದೆ. ಬಿಸಿಗೆ ವಾಸನೆ ಇನ್ನೂ ದೂರ ಹರಡುತ್ತದೆ. ಕೊಳೆತ ಮಾಂಸ ಇರಬೇಕು ಅಂತ ನೊಣ, ಜೀರುಂಡೆಗಳು ಓಡಿ ಬರುತ್ತವೆ. ಮೊದಲು ಹೆಣ್ಣು ಹೂಗಳು ಸಿದ್ಧವಾಗುತ್ತವೆ, ಗಂಡು ಹೂಗಳು ಪರಾಗ ಬಿಡುವುದು ಆಮೇಲೆ. ಆದ್ದರಿಂದ ಒಳಗೆ ಬಂದ ಹುಳ ಇನ್ನೊಂದು ಗಿಡದ ಪರಾಗ ಕೊಟ್ಟು, ಇದರ ಪರಾಗ ಮೆತ್ತಿಸಿಕೊಂಡು ಹೊರಡಬೇಕು. ನಮ್ಮ ಬಡಾವಣೆಯಲ್ಲಿ ಆ ಹೊತ್ತಿಗೆ ಇನ್ನೊಂದು ಸುವರ್ಣಗೆಡ್ಡೆ ಹೂ ಬಿಟ್ಟಿರುವುದು ಅನುಮಾನ. ಪಾಪ, ಅಷ್ಟೆಲ್ಲ ಕಷ್ಟಪಟ್ಟು ನಾತ ಹೊಡೆದದ್ದು ದಂಡವೇ ಆಯಿತು.

ಅದನ್ನು ಯಾರೂ ನೆಟ್ಟಿರಲಿಲ್ಲ. ಯಾವಾಗಲೋ ಪಲ್ಯಕ್ಕೆ ಹೆಚ್ಚುವಾಗ ಅತ್ತೆ ಗೆಡ್ಡೆಯ ಕಣ್ಣಿನ ಭಾಗ ಕತ್ತರಿಸಿ ಮೂಲೆಗೆ ಎಸೆದಿದ್ದರಂತೆ. ಅದು ಪ್ರತಿ ಮಳೆಗಾಲ ಒಂದು ಎಲೆ ಬಿಟ್ಟು, ಬೇಸಿಗೆಗೆ ಬಾಡಿ, ನೆಲದೊಳಗೆ ಸುಮ್ಮನೆ ದಪ್ಪವಾಗುತ್ತಾ ಇತ್ತು. ಸೊಂಟದೆತ್ತರ ಬರುವ ಆ ಗಿಡ ಅಂದರೆ ಒಂದೇ ಎಲೆ. ನಾವು ಕಾಂಡ ಅಂದುಕೊಳ್ಳುವುದು ಅದರ ತೊಟ್ಟು. ತೋಟದಲ್ಲಿ ಬೆಳೆಯುವವರು ಎಲೆ ಬಾಡಿದ ಮೇಲೆ ಗೆಡ್ಡೆ ಅಗೆದು ಮಾರುವುದರಿಂದ ಅವರಿಗೆ ಹೂ ಕಾಣುವುದೇ ಅಪರೂಪ. ಯಾರೂ ಅಗೆಯದೆ ಬಿಟ್ಟರೆ ಮಾತ್ರ ಗೆಡ್ಡೆ ಬಲಿತು ಹೀಗೆ ಹೂ ಬಿಡುತ್ತದೆ. ಈಗ ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಅತ್ತೆ ಆ ಮೂಲೆ ತೋರಿಸಿ, "ಅಗೆದುಬಿಡೋಣ, ಇಲ್ಲದಿದ್ರೆ ಮತ್ತೆ ನಾತ ಹೊಡೆಯುತ್ತೆ" ಅನ್ನುತ್ತಾರೆ. ನಾನು ಏನಾದರೂ ನೆಪ ಹೇಳಿ ಮುಂದಕ್ಕೆ ಹಾಕುತ್ತೇನೆ.

ಮೇ ಮಳೆ ಬಿದ್ದ ಎರಡು ಮೂರು ವಾರಕ್ಕೆ ನೆಲವೆಲ್ಲ ಹಸಿರು. ನಾನು ಹಾಕಿದ ಪಾಲಕ್, ಕೊತ್ತಂಬರಿ ಇನ್ನೂ ಮುಖ ತೋರಿಸಿರುವುದಿಲ್ಲ. ಅಷ್ಟರಲ್ಲಿ ಕಳೆ ಮೊಳಕಾಲು ಮುಟ್ಟುತ್ತಿರುತ್ತದೆ. ಒಂದು ದಿನ ಕುಡುಗೋಲು ಹಿಡಿದು ಕೂತಿದ್ದಾಗ ನಮ್ಮ ಬೀದಿಗೆ ಬರುವ ಸೊಪ್ಪಿನಮ್ಮ ಪುಟ್ಟಿ ಇಳಿಸಿ ಒಳಗೆ ಬಂದರು. ನೀರು ಕುಡಿಯೋಕೆ ಬಂದವರು ನನ್ನ ಕೈ ನೋಡಿ ನಿಂತುಬಿಟ್ಟರು. "ಅಯ್ಯೋ ಇದ್ಯಾಕವ್ವಾ ಕಿತ್ತಾಕ್ತಿದ್ದೀಯೆ? ಇಷ್ಟು ಚೆಂದಾಗಿರೋ ಸೊಪ್ಪ ಬಿಸಾಕಿ ನನ್ನತ್ರ ಕಾಸು ಕೊಟ್ಟು ತಗತೀಯಲ್ಲಾ!"

ಆಮೇಲೆ ಅವರೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹೆಸರು ಹೇಳುತ್ತಾ ಚಿವುಟಿ ಕೊಟ್ಟರು. ಇದು ಅಣ್ಣೆ. ಇದು ಕೊಮ್ಮೆ. ಇದು ಗೋಣಿ, ಹುಳಿಯಾಗಿರುತ್ತೆ. ಇದು ಕನ್ನೆ, ನೀಲಿ ಹೂ ಬಿಡುತ್ತಲ್ಲಾ ಅದು. ಇದು ಹೊನಗೊನ್ನೆ, ಕಣ್ಣಿಗೆ ಒಳ್ಳೇದು. ಇದು ಗಣಿಕೆ, ಒಂದು ಹಿಡಿ ಸಾಕು, ಜಾಸ್ತಿ ಹಾಕಿದರೆ ಕಹಿ. ಇದು ಕೀರೆ. ಮಂಡ್ಯ, ಮೈಸೂರು ಕಡೆ ಇದಕ್ಕೆಲ್ಲ ಸೇರಿಸಿ ಬೆರಕೆ ಸೊಪ್ಪು ಅನ್ನುತ್ತಾರೆ. ಹೊಲದ ಬದುವಿನಲ್ಲಿ ಬಗ್ಗಿ ಕಿತ್ತು ಮಡಿಲಿಗೆ ತುಂಬಿಕೊಂಡು ಬರುವ ಸೊಪ್ಪು. ನಾನು ಹುಟ್ಟಿದ್ದು ತುಮಕೂರು ಪೇಟೆಯಲ್ಲಿ. ಬೆರಕೆ ಸೊಪ್ಪನ್ನು ತಿಂದಿದ್ದೆ, ಆದರೆ ಅದು ಬೇಯುವ ಮುಂಚೆ ಹೇಗಿರುತ್ತದೆ ಅಂತ ಬಿಡಿಬಿಡಿಯಾಗಿ ನೋಡಿರಲಿಲ್ಲ.

ಆ ದಿನ ಉಪ್ಸಾರು ಮಾಡಿದೆವು. ತೊಗರಿಬೇಳೆ ಅರ್ಧ ಬೆಂದ ಮೇಲೆ ಸೊಪ್ಪು ಹಾಕಿ, ಉಪ್ಪು ಹಾಕಿ, ಬೆಂದ ನೀರು ಬಸಿದುಕೊಂಡು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು ರುಬ್ಬಿದ ಖಾರ ಪಕ್ಕದಲ್ಲಿ. ಬಿಸಿ ಮುದ್ದೆ. ಸೊಪ್ಪನ್ನು ಬೇರೆ ಒಗ್ಗರಣೆ ಹಾಕಿ ಪಲ್ಯ. ಒಂದೇ ಸೊಪ್ಪಿನಲ್ಲಿ ಮಾಡಿದ ಸಾರಿಗೆ ಈ ರುಚಿ ಬರಲ್ಲ. ಹುಳಿ, ಒಗರು, ಚೂರು ಕಹಿ, ಲೋಳೆ ಎಲ್ಲ ಸೇರಿದ್ದಕ್ಕೇ ಆ ರುಚಿ. ಒಂದೇ ಷರತ್ತು, ಎಳೆಯದಿರುವಾಗಲೇ ಕೀಳಬೇಕು. ಹೂ ಕಟ್ಟಿದ ಮೇಲೆ ನಾರು ನಾರು.

ಈಗ ಜೂನ್ ತಿಂಗಳಲ್ಲಿ ನಾನು ಕಳೆ ಕೀಳುವುದಿಲ್ಲ. ಪಾರ್ಥೇನಿಯಂ ಒಂದನ್ನು ಬಿಟ್ಟು. ಅದಕ್ಕೆ ಮಾತ್ರ ಕರುಣೆ ಇಲ್ಲ, ಬಿಳಿ ಹೂ ಕಾಣುವ ಮೊದಲೇ ಬೇರು ಸಮೇತ ಹೋಗಬೇಕು. ಉಳಿದವರು ಯಾರು ಅಂತ ಗೊತ್ತಾಗುವವರೆಗೂ ಇರಲಿ ಬಿಡು ಅನ್ನುವ ಪದ್ಧತಿ ನಮ್ಮಲ್ಲಿ ಹೀಗೆ ಶುರುವಾಯಿತು.

ಇರಲಿ ಬಿಡು ಅಂದದ್ದಕ್ಕೆ ಸಿಕ್ಕ ದೊಡ್ಡ ಫಲ ಬೂದುಗುಂಬಳ. ಆಯುಧಪೂಜೆ ದಿನ ಗೇಟಿನ ಮುಂದೆ ಬೂದುಗುಂಬಳ ಒಡೆಯುವುದು ನಿಮಗೆ ಗೊತ್ತಲ್ಲ. ಒಳಗೆ ಕುಂಕುಮ, ಚಿಲ್ಲರೆ ತುಂಬಿ, ದೃಷ್ಟಿ ತೆಗೆದು, ಗಾಡಿ ಮುಂದೆ ಪಟಾರನೆ. ಮಾರನೇ ದಿನ ಊರ ತುಂಬ ರಸ್ತೆಗಳು ಕೆಂಪು. ಸ್ಕೂಟರ್ ಜಾರುತ್ತದೆ, ದನಗಳಿಗೆ ಹಬ್ಬ. ನಮ್ಮನೆಯವರು ಗೇಟಿನ ಮುಂದಿನ ಚೂರುಗಳನ್ನು ಗುಡಿಸಿ ಬುಟ್ಟಿಯಲ್ಲಿ ತಂದು ಹಿಂದಿನ ಗೊಬ್ಬರದ ಗುಂಡಿಗೆ ಸುರಿಯುತ್ತಾರೆ. ಮುಂದಿನ ವರ್ಷದ ಮಳೆಗೆ ಆ ಗುಂಡಿಯಿಂದ ಬಳ್ಳಿ ಎದ್ದಿತು. ಒರಟು ಎಲೆ, ಮೈಯೆಲ್ಲ ಸುಂಕು. ಗುಂಡಿ ದಾಟಿ, ಬಟ್ಟೆ ಒಗೆಯುವ ಕಲ್ಲು ದಾಟಿ, ಕಾಂಪೌಂಡ್ ಹತ್ತಿ ಪಕ್ಕದ ಖಾಲಿ ಸೈಟಿಗೆ ಇಳಿಯಿತು.

ಮೊದಲು ಬಂದದ್ದೆಲ್ಲ ಗಂಡು ಹೂ. ಅರಳುತ್ತದೆ, ಉದುರುತ್ತದೆ. ಇದು ಕಾಯಿ ಕಚ್ಚುವ ಬಳ್ಳಿಯಲ್ಲ ಅಂತ ಮನೆಯಲ್ಲಿ ಮಾತು ಶುರುವಾಯಿತು. ಕುಂಬಳದ ಜಾತಿಯ ಬಳ್ಳಿಗಳ ರೀತಿಯೇ ಹಾಗೆ, ಗಂಡು ಹೂ ಮುಂಚೆ, ಹೆಣ್ಣು ಹೂ ತಡವಾಗಿ. ಹೆಣ್ಣು ಹೂವನ್ನು ಅರಳುವ ಮುಂಚೆಯೇ ಗುರುತಿಸಬಹುದು. ಅದರ ಕೆಳಗೆ ರೋಮ ತುಂಬಿದ ಪುಟ್ಟ ಕಾಯಿ ಮೊದಲೇ ಇರುತ್ತದೆ. ಜೇನು ಬರದಿದ್ದರೆ ಬೆಳಗ್ಗೆ ಬೇಗ ಎದ್ದು ಗಂಡು ಹೂ ಕಿತ್ತು, ದಳ ತೆಗೆದು, ಹೆಣ್ಣಿನ ಮೇಲೆ ಒರೆಸಬೇಕು. ಸಿಹಿಗುಂಬಳಕ್ಕೂ ಇದೇ, ಬೆಳಗಿನ ಹೊತ್ತು. ಹೀರೆ ಮಾತ್ರ ಉಲ್ಟಾ. ಅದು ಅರಳುವುದು ಸಂಜೆ, ನಾವು ಕಾಫಿ ಲೋಟ ಹಿಡಿದು ಹೊರಗೆ ಬರುವ ಹೊತ್ತಿಗೆ. ಪಡವಲ ಇನ್ನೂ ತಡ, ಕತ್ತಲಾಗುವಾಗ ಬಿಳಿ ದಾರದ ಕುಚ್ಚು ಬಿಚ್ಚಿಕೊಳ್ಳುತ್ತದೆ. ಒಂದೇ ಮನೆತನದ ಬಳ್ಳಿಗಳು, ಒಬ್ಬೊಬ್ಬರದು ಒಂದೊಂದು ಪಾಳಿ. ಬೆಳಗಿನ ಪಾಳಿಗೆ ಜೇನು, ರಾತ್ರಿ ಪಾಳಿಗೆ ಪತಂಗ.

ಕೊನೆಗೆ ಕಾಯಿ ನಿಂತಿತು. ಬೆಳೆಯಿತು. ರೋಮ ಉದುರಿ ಮೇಲೆ ಬೂದಿ ಬಂತು. ಆ ಬಿಳಿ ಪುಡಿ ಒಂದು ಥರದ ಮೇಣ. ಅದು ಇರುವುದರಿಂದಲೇ ಬೂದುಗುಂಬಳ ತಿಂಗಳುಗಟ್ಟಲೆ ಅಟ್ಟದ ಮೇಲೆ ಕೆಡದೆ ಕೂರುತ್ತದೆ. ದೃಷ್ಟಿಗೆ ಅಂತ ಒಡೆದ ಕಾಯಿಯ ಮಕ್ಕಳು ಮಜ್ಜಿಗೆ ಹುಳಿಗೆ ಬಂದವು. ಒಂದು ಕಾಯಿ ಕಾಶಿ ಹಲ್ವ ಆಯಿತು. ಅತ್ತೆಗೆ ಮಾತ್ರ ಮೊದಲು ಮನಸ್ಸಿರಲಿಲ್ಲ. "ದೃಷ್ಟಿ ತೆಗೆದದ್ದನ್ನ ಮನೆಯೊಳಗೆ ತರ್ತಾರಾ?" ಅಂತ. "ಅದನ್ನಲ್ಲ ಅಮ್ಮ, ಅದರ ಮೊಮ್ಮಕ್ಕಳನ್ನ" ಅಂದರು ನಮ್ಮನೆಯವರು. ಹಲ್ವ ಆದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಬಂದವರೆಲ್ಲ ಒಳ್ಳೆಯವರೇ ಅಂತಲ್ಲ. ಎರಡನೇ ಮಳೆ ಸುತ್ತಿನಲ್ಲಿ ಆಫ್ರಿಕಾದ ದೊಡ್ಡ ಬಸವನಹುಳು ಬರುತ್ತದೆ. ರಾತ್ರಿ ಹೊತ್ತು ಟಾರ್ಚ್ ಹಾಕಿದರೆ ಗೋಡೆ, ಕುಂಡ, ಪರಂಗಿ ಗಿಡ ಎಲ್ಲದರ ಮೇಲೂ ಅದೇ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ, ಚಿಪ್ಪಿನ ಹುಳುಗಳ ಹುಚ್ಚಿದ್ದವನು, ಮಾರಿಷಸ್‌ನಿಂದ ತಂದು ಕಲ್ಕತ್ತೆಯ ಒಂದು ತೋಟದಲ್ಲಿ ಬಿಟ್ಟನಂತೆ. ಅವನ ಹವ್ಯಾಸದ ಫಲ ಈಗ ನನ್ನ ಬದನೆ ಸಸಿ ತಿನ್ನುತ್ತಿದೆ. ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ, ಎಲೆಕೋಸಿನ ಸಿಪ್ಪೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಸೇರಿರುತ್ತವೆ. ಕೈಗೆ ಕವರ್ ಹಾಕಿಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ. ಮಣ್ಣಿಗೇ ಉಪ್ಪು ಸುರಿಯುವವರನ್ನು ನೋಡಿದ್ದೇನೆ, ಅದು ಬೇಡ, ಆಮೇಲೆ ಅಲ್ಲಿ ಏನೂ ಏಳುವುದಿಲ್ಲ.

ಅವರೆಯ ವಿಷಯ ಬೇರೆ. ಜನವರಿಯಲ್ಲಿ ಹಿತಕಿದಬೇಳೆಗೆ ಅಂತ ಮನೆಮಂದಿಯೆಲ್ಲ ಕೂತು ಅವರೆಕಾಯಿ ಸುಲಿಯುವಾಗ ಬಲಿತ ಕಾಳು ಸಿಪ್ಪೆ ಜೊತೆ ಗುಂಡಿಗೆ ಹೋಗುತ್ತದೆ. ಮೇ ಮಳೆಗೆ ಅದು ಹುಟ್ಟುತ್ತದೆ. ಜೂನ್, ಜುಲೈ, ಆಗಸ್ಟ್, ಬರೀ ಎಲೆ. ಬೇಲಿ ತುಂಬ ಎಲೆ. ಒಂದು ಹೂವಿಲ್ಲ. ಯಾರಾದರೂ ಕಿತ್ತೆಸೆಯಬೇಕು ಅನ್ನುವಂತೆ ಹಬ್ಬುತ್ತದೆ. ಆದರೆ ಈ ನಾಟಿ ಅವರೆ ಹೂ ಬಿಡಲು ಕಾಯುವುದು ಮಳೆಗಲ್ಲ, ಗೊಬ್ಬರಕ್ಕಲ್ಲ. ಹಗಲು ಚಿಕ್ಕದಾಗಬೇಕು, ರಾತ್ರಿ ಉದ್ದವಾಗಬೇಕು. ಮೇನಲ್ಲಿ ಹಾಕಿ, ಆಗಸ್ಟ್‌ನಲ್ಲಿ ಹಾಕಿ, ಹೂ ಬರುವುದು ದೀಪಾವಳಿ ಆಸುಪಾಸಿಗೇ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಈ ಗುಣ ತೆಗೆದ ತಳಿಗಳನ್ನು ಮಾಡಿದ್ದಾರೆ, ಎಚ್‌ಎ-3, ಎಚ್‌ಎ-4 ಅಂತ. ಅವು ಹಗಲು ರಾತ್ರಿ ಲೆಕ್ಕ ಹಾಕುವುದಿಲ್ಲ, ವರ್ಷವಿಡೀ ಕಾಯಿ ಬಿಡುತ್ತವೆ. ರೈತರಿಗೆ ಅನುಕೂಲ, ಅದಕ್ಕೆ ಎರಡು ಮಾತಿಲ್ಲ. ಆದರೂ ಏಪ್ರಿಲ್ ಬಿಸಿಲಲ್ಲಿ ಅವರೆಕಾಯಿ ಉಪ್ಪಿಟ್ಟು ತಿನ್ನುವಾಗ ಏನೋ ಕಮ್ಮಿ ಅನ್ನಿಸುತ್ತದೆ. ಚಳಿಯಲ್ಲಿ, ಇಬ್ಬನಿ ಬಿದ್ದ ಕಾಯಿಯ ಸೊಗಡು ಕೈಗೆ ಅಂಟಿ, ಸೋಪು ಹಾಕಿದರೂ ಹೋಗದೆ, ಬಸ್ಸಲ್ಲಿ ಪಕ್ಕದವರಿಗೂ ನಾವು ಬೆಳಗ್ಗೆ ಏನು ಮಾಡಿದೆವು ಅಂತ ಗೊತ್ತಾಗಬೇಕು. ಅದು ಅವರೆಕಾಲ.

ನಿಂಬೆ, ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಾಣುವುದು ಎಷ್ಟೋ ಸಲ ಹಿಕ್ಕೆಯಲ್ಲ, ಚಿಟ್ಟೆಯ ಮರಿಹುಳು. ದೊಡ್ಡದಾದ ಮೇಲೆ ಹಸಿರಾಗುತ್ತದೆ, ಮುಟ್ಟಿದರೆ ತಲೆ ಹಿಂದಿನಿಂದ ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ. ಪಕ್ಕದ ಮನೆಯ ಹುಡುಗಿಗೆ ಇದು ದಿನಾ ಬೇಕು. ಒಗ್ಗರಣೆಗೆ ಎಲೆ ಕಮ್ಮಿಯಾದರೂ ಪರವಾಗಿಲ್ಲ ಅಂತ ಬಿಟ್ಟಿದ್ದೇನೆ.

ಆ ಕರಿಬೇವಿನ ಬುಡದಲ್ಲೇ ನಮ್ಮ ಹಿತ್ತಲಿನ ಅತಿ ದೊಡ್ಡ ಅತಿಥಿ ಹುಟ್ಟಿದ್ದು.

ಮೊದಲು ನೋಡಿದಾಗ ಏನೋ ಸಾಮಾನ್ಯ ಸಸಿ. ಎದುರುಬದುರು ಎಲೆ, ತೆಳ್ಳಗಿನ ರೆಂಬೆ. ಪದ್ಧತಿ ಪ್ರಕಾರ ಇರಲಿ ಬಿಟ್ಟೆವು. ಭುಜದೆತ್ತರ ಬಂದು, ರೆಂಬೆ ತುದಿಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಹೂ ಬಿಟ್ಟಿತು. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದುಗೆಂಪು. ನಮ್ಮನೆಯವರ ಸ್ನೇಹಿತರೊಬ್ಬರು ಬಂದವರು ನೋಡಿ, "ಇದು ಶ್ರೀಗಂಧ ಅಲ್ವಾ?" ಅಂದರು. ನಾವೆಲ್ಲ ಎಲೆ ಹಿಸುಕಿ ಮೂಸಿದೆವು. ವಾಸನೆ ಇಲ್ಲ. ಹೂವಿಗೂ ಇಲ್ಲ. ಇರುವುದೂ ಇಲ್ಲ. ಪರಿಮಳ ಇರುವುದು ಒಳಗಿನ ಕೆಚ್ಚಿನಲ್ಲಿ ಮತ್ತು ಬೇರಿನಲ್ಲಿ. ಕೆಚ್ಚು ಕಟ್ಟೋಕೆ ಹತ್ತು ವರ್ಷವಾದರೂ ಬೇಕು.

ತಂದು ಹಾಕಿದವರು ಯಾರು ಅಂತ ಊಹಿಸಬಹುದು. ಶ್ರೀಗಂಧದ ಹಣ್ಣು ಕಪ್ಪು ನೇರಳೆ ಬಣ್ಣದ್ದು, ಕೋಗಿಲೆ, ಪಿಕಳಾರಗಳಿಗೆ ಇಷ್ಟ. ತಿಂದು, ಕರಿಬೇವಿನ ಕೊಂಬೆ ಮೇಲೆ ಕೂತು, ಬೀಜ ಬೀಳಿಸಿ ಹೋಗಿವೆ. ಚಾಮುಂಡಿ ಬೆಟ್ಟದ ಕಡೆಯಿಂದಲೋ, ಯಾರದೋ ಕಾಂಪೌಂಡಿನಿಂದಲೋ. ಇಷ್ಟು ಬೆಲೆಯ ಮರವನ್ನು ಹೀಗೆ ಸುಮ್ನೆ ಬೀದಿಬೀದಿಗೆ ಹಂಚುತ್ತಾ ಹೋಗುವವರು ಹಕ್ಕಿಗಳು ಮಾತ್ರ. ಈ ಊರಿನಲ್ಲಿ ಅದಕ್ಕೊಂದು ಗತ್ತು ಇತ್ತು. 1792ರಲ್ಲಿ ಟಿಪ್ಪು ಸುಲ್ತಾನ ಅದನ್ನು ರಾಜಮರ ಅಂತ ಸಾರಿದ. ಆಮೇಲೆ ಬಂದ ಅರಸರೂ, ಸರ್ಕಾರವೂ ಹಾಗೇ ಉಳಿಸಿಕೊಂಡವು. ಮೊದಲ ಮಹಾಯುದ್ಧದ ಹೊತ್ತಿಗೆ ಯೂರೋಪಿಗೆ ಹೋಗುತ್ತಿದ್ದ ಗಂಧದ ಕೊರಡು ನಿಂತುಹೋದಾಗ ಮೈಸೂರು ಸರ್ಕಾರ ತಾನೇ ಎಣ್ಣೆ ತೆಗೆಯೋಕೆ ಶುರುಮಾಡಿತು, ಸೋಪು ಬಂದದ್ದು ಅದರಿಂದಲೇ. ನಿಮ್ಮ ಹಿತ್ತಲಲ್ಲಿ ಹುಟ್ಟಿದರೂ ಮರ ನಿಮ್ಮದಲ್ಲ ಅನ್ನುವ ಕಾಲ ಬಹಳ ದಿನ ನಡೆಯಿತು. ಅದಕ್ಕೇ ಹಳಬರು ಸಸಿ ಕಂಡರೆ ಸದ್ದಿಲ್ಲದೆ ಕಿತ್ತುಬಿಡುತ್ತಿದ್ದರು, ಯಾಕೆ ಬೇಕು ತಲೆನೋವು ಅಂತ. ಕರ್ನಾಟಕದಲ್ಲಿ 2001ರ ತಿದ್ದುಪಡಿಯಿಂದ ಜಮೀನು ಯಾರದೋ ಮರವೂ ಅವರದೇ. ಕಡಿಯೋಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು.

ಕಾನೂನು ಬದಲಾದರೂ ಭಯ ಹೋಗಿಲ್ಲ. ಎದುರು ಮನೆಯ ಯಜಮಾನರು, ಬ್ಯಾಂಕಿನಿಂದ ರಿಟೈರ್ ಆದವರು, ವಾಕಿಂಗ್ ಮುಗಿಸಿ ಬರುವಾಗಲೆಲ್ಲ ನಿಲ್ಲುತ್ತಾರೆ. "ಕಿತ್ತುಬಿಡಿ ಮೇಡಂ. ಇವತ್ತಲ್ಲ ನಾಳೆ ರಾತ್ರಿ ಗರಗಸ ತಗೊಂಡು ಬರ್ತಾರೆ." ಅವರು ಹೇಳುವುದು ಸುಳ್ಳಲ್ಲ. ಮನೆ ಅಂಗಳದಿಂದ, ಕಾಲೇಜು ಕ್ಯಾಂಪಸ್ಸಿನಿಂದ ಶ್ರೀಗಂಧ ಕಡಿದುಕೊಂಡು ಹೋದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಕೆಚ್ಚು ಇದೆಯಾ ಅಂತ ನೋಡೋಕೆ ಕಾಂಡಕ್ಕೆ ತೂತು ಕೊರೆದು ಹೋಗುವವರೂ ಇದ್ದಾರಂತೆ. ನಮ್ಮದರ ಕಾಂಡ ಇನ್ನೂ ನನ್ನ ಮುಂಗೈ ಗಾತ್ರ. ಕದಿಯುವಂಥದ್ದು ಏನೂ ಇಲ್ಲ. ಹತ್ತು ವರ್ಷ ಬಿಟ್ಟು ಬರುವ ಕಳ್ಳನಿಗೆ ಈಗಲೇ ಹೆದರಿ ಕೀಳೋದಾ ಅಂತ ನನ್ನ ವಾದ. ಅತ್ತೆ ಈ ವಿಷಯದಲ್ಲಿ ನನ್ನ ಕಡೆ.

ಒಂದು ವಿಚಿತ್ರ ಹೇಳಬೇಕು. ಶ್ರೀಗಂಧ ಅರ್ಧ ಪರಾವಲಂಬಿ. ಎಲೆ ಇದೆ, ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಆದರೆ ನೀರಿಗೂ, ಮಣ್ಣಿನ ಸಾರಕ್ಕೂ ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಕಚ್ಚಿಸಿ ಎಳೆದುಕೊಳ್ಳುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಅದಕ್ಕೇ ನರ್ಸರಿಯಲ್ಲಿ ಶ್ರೀಗಂಧದ ಸಸಿ ಜೊತೆ ಅದೇ ಚೀಲದಲ್ಲಿ ಇನ್ನೊಂದು ಗಿಡ ಹಾಕಿರುತ್ತಾರೆ. ಒಂದೋ ತೊಗರಿ, ಇಲ್ಲಾ ಹೊನಗೊನ್ನೆ. ಹೌದು, ಸೊಪ್ಪಿನಮ್ಮ ಕಣ್ಣಿಗೆ ಒಳ್ಳೇದು ಅಂದ ಅದೇ ಹೊನಗೊನ್ನೆ. ನಮ್ಮ ಗಂಧದ ಬುಡದ ಸುತ್ತ ಅದೇ ಹಬ್ಬಿದೆ. ನಾವು ಯಾರೂ ಹಾಕಿದ್ದಲ್ಲ.

ಹೋದ ಜೂನ್‌ನಲ್ಲಿ ಸೊಪ್ಪಿನಮ್ಮ ಬಂದು ಆ ಕಡೆ ಕೂತು ಚಿವುಟೋಕೆ ಶುರುಮಾಡಿದಾಗ ನಾನು, "ಅಲ್ಲಿ ಮಾತ್ರ ಕೀಳಬೇಡಿ ಅಮ್ಮಾ, ಅದು ಗಂಧದ ಗಿಡಕ್ಕೆ ಬೇಕು" ಅಂದೆ. ಅವರು ಗಿಡವನ್ನು ಮೇಲಿಂದ ಕೆಳಗೆ ನೋಡಿದರು.

"ಅದೂ ಉಣ್ಣಲಿ ಕಣವ್ವಾ, ಬ್ಯಾಡ ಅಂದೋರ್ಯಾರು? ತುದಿ ನಮ್ಗೆ, ಬೇರು ಅದ್ಕೆ" ಅಂದು ಚಿವುಟುವುದನ್ನು ಮುಂದುವರಿಸಿದರು.